ಆಟಕ್ಕುಂಟು, ಲೆಕ್ಕಕ್ಕಿಲ್ಲ

ಮೂವತ್ತೊಂದರಲ್ಲಿ ಒಂಬತ್ತು ಗೆದ್ದೆವು.
ಫಲಿತಾಂಶದ ರಾತ್ರಿ ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ
ಅವರ ಪಟಾಕಿ ಮುಗಿಯುವ ತನಕ
ನಸೀಮಾಳ ತಮ್ಮನ ಜೆರಾಕ್ಸ್ ಅಂಗಡಿಯಲ್ಲಿ
ಶಟರ್ ಅರ್ಧ ಇಳಿಸಿ ಕೂತಿದ್ದೆವು.
ಬೋರಲಿಂಗ ಅಂದ: ಇನ್ನು ನಾವು ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಯಾರೂ ನಗಲಿಲ್ಲ. ಟೀ ಮೇಲೆ ಕೆನೆ ಕಟ್ಟಿತು.

ಮೊದಲ ಆರು ತಿಂಗಳು ಗೊತ್ತಿದ್ದನ್ನೇ ಮಾಡಿದೆವು.
ಧಿಕ್ಕಾರ ಕೂಗಿದೆವು. ಸಭೆಯ ಬಾವಿಗಿಳಿದೆವು,
ನಲ್ಲಿ ಒಣಗಿದ ಊರಲ್ಲಿ ಇಳಿಯಲು ಉಳಿದದ್ದು ಅದೊಂದೇ ಬಾವಿ.
ಖಾಲಿ ಕೊಡ ತಂದು ಅಧ್ಯಕ್ಷರ ಮೇಜಿನೆದುರು ಕುಕ್ಕಿದೆವು,
ಸಭಾತ್ಯಾಗ ಮಾಡಿ ಮೆಟ್ಟಿಲ ಮೇಲೆ ಪೇಪರಿನವರಿಗೆ ಮುಖ ಕೊಟ್ಟೆವು.
ನಾವು ಹೊರಗೆ ಫೋಟೋಕ್ಕೆ ನಿಂತ ಆ ಹದಿನೈದು ನಿಮಿಷದಲ್ಲಿ
ಒಳಗೆ ನಲವತ್ತೆರಡು ವಿಷಯ
ಸರ್ವಾನುಮತದಿಂದ ಪಾಸಾದವು.

ಸರ್ವಾನುಮತ!
ನಡಾವಳಿಯಲ್ಲಿ ಆ ಪದ ಕಂಡವಳು ಹದಿನೇಳನೇ ವಾರ್ಡಿನ ಚೌಡಮ್ಮ.
ಏಳನೇ ಕ್ಲಾಸಿಗೆ ಬಿಟ್ಟವಳು, ಬೆರಳಿಟ್ಟು ಓದುತ್ತಾಳೆ,
ಅದಕ್ಕೇ ಒಂದು ಒತ್ತಕ್ಷರವೂ ತಪ್ಪಿಸಿಕೊಳ್ಳುವುದಿಲ್ಲ.
"ನಾವು ಎದ್ದು ಹೋಗೋದನ್ನೇ ಕಾಯ್ತಿರ್ತಾರೆ ಕಣಣ್ಣ.
ಇನ್ನ ಮ್ಯಾಲೆ ಎದ್ದೇಳೋದು ಬ್ಯಾಡ."

ಅವತ್ತಿನಿಂದ ಕೂತೆವು.
ಕೂರುವುದು ಸುಲಭವಲ್ಲ. ಮೂರೂವರೆ ಗಂಟೆ, ಒಂದೇ ಫ್ಯಾನು,
ಅದೂ ಅವರ ಕಡೆಗೆ.

ಬಜೆಟ್ಟು ಗುರುಶಾಂತಪ್ಪ ಮೇಷ್ಟ್ರಿಗೆ, ಟ್ಯಾಂಕರು ನಸೀಮಾಳಿಗೆ.
ಬೀದಿದೀಪ ಬೋರಲಿಂಗನಿಗೆ; ಊಟ ಮುಗಿಸಿ ಮೊಪೆಡ್ಡಿನಲ್ಲಿ
ಕಂಬ ಎಣಿಸುತ್ತ ಸುತ್ತಿ
ಸುಭಾಷ್ ನಗರದ ಹಿಂದೆ ಕಳ್ಳನೆಂದು ಸಿಕ್ಕಿಬಿದ್ದ,
ಪಟ್ಟಿ ತೋರಿಸಿದ ಮೇಲೆ ಅವರೇ ಮೂರು ಕಂಬ ಹೆಚ್ಚಿಗೆ ಹೇಳಿ ಕಳಿಸಿದರು.
ಚರಂಡಿ ನನಗೆ. ಟೇಪು ಹಿಡಿದು ಬಗ್ಗಿದರೆ
ಜನ ಸುತ್ತ ನೆರೆದು ಕೇಳುತ್ತಿದ್ದರು, ಏನ್ ಬಿತ್ತು ಸಾಮಿ?

ಬಿದ್ದದ್ದು ಎರಡು ಇಂಚು.
ಆರು ಎಂದು ಬರೆದ ಕಾಂಕ್ರೀಟು ನಾಲ್ಕಕ್ಕೇ ಮಣ್ಣು ತೋರಿತು.

ಟ್ಯಾಂಕರು ಬಿಲ್ಲಿನಲ್ಲಿ ದಿನಕ್ಕೆ ಹತ್ತೊಂಬತ್ತು ಸಲ ಬರುತ್ತಿತ್ತು.
ನಸೀಮಾ ಬೀದಿಯ ಹೆಂಗಸರಿಗೆ ಹೇಳಿದಳು,
ಹಾಲಿನ ಲೆಕ್ಕದ ಹಾಗೆ ಕ್ಯಾಲೆಂಡರಿನಲ್ಲಿ ಗೀಟು ಹಾಕಿ.
ತಿಂಗಳ ಕೊನೆಗೆ ಮೂವತ್ತು ಮನೆಯ ಗೋಡೆ ಖಾಲಿ:
ಲಕ್ಷ್ಮಿ, ಕಾಬಾ, ಗೊಬ್ಬರದ ಕಂಪನಿಯ ಟೊಮೇಟೊ
ಸಭೆಯ ಮೇಜಿನ ಮೇಲೆ ಒಟ್ಟಿಗೆ ಮಲಗಿದವು.
ದಿನಕ್ಕೆ ಆರೇ ಗೀಟು. ಭಾನುವಾರ ಅದೂ ಇಲ್ಲ.
ಪೌರಾಯುಕ್ತರು ಗ್ಲಾಸಿನ ನೀರು ಕುಡಿದರು.

ಇಲ್ಲಿಗೆ ನಿಲ್ಲಿಸಿದ್ದರೆ ಪದ್ಯ ಚೆನ್ನಾಗಿರುತ್ತಿತ್ತು.

ಚರಂಡಿಯ ಜಾಡು ಹಿಡಿದು ಹಳೇ ಫೈಲು ತೆಗೆಸಿದೆ.
ಕಂತೇನಹಳ್ಳಿ ಕೆರೆ ಕಡೆಯ ಮೋರಿ, ಅದೂ ನಾಲ್ಕೇ ಇಂಚು.
ಕೆಳಗೆ ಪಾಸು ಮಾಡಿದ ಸಹಿ, ಬಾಲ ಉದ್ದ, ಚುಕ್ಕಿ ಎರಡು.
ನನ್ನದೇ.
ನಮ್ಮ ಆಡಳಿತ, ನಾನು ಸ್ಥಾಯಿ ಸಮಿತಿಯಲ್ಲಿದ್ದ ವರ್ಷ.
ಅವತ್ತು ನನ್ನನ್ನು ಕೇಳಬೇಕಿದ್ದವರು
ಎದ್ದು ಹೋಗಿದ್ದರು, ಮೆಟ್ಟಿಲ ಮೇಲೆ, ಫೋಟೋಕ್ಕೆ.

ಮೂರು ದಿನ ಆ ಹಾಳೆ ಅಂಗಿಯ ಜೇಬಿನಲ್ಲಿ
ಬೆವರಿಗೆ ಮೆತ್ತಗಾಯಿತು.
ನಾಲ್ಕನೇ ರಾತ್ರಿ ಶಟರ್ ಇಳಿಸಿ ಎಲ್ಲರ ಮುಂದೆ ಇಟ್ಟೆ.
ಹರಿದು ಬಿಸಾಕು ಅಂದರು ಇಬ್ಬರು. ಮೇಷ್ಟ್ರು ಕನ್ನಡಕ ಒರೆಸಿದರು,
ಒರೆಸುತ್ತಲೇ ಇದ್ದರು.
ಚೌಡಮ್ಮ ಬೆರಳಿಟ್ಟು ಓದುತ್ತ ಹೋದಳು,
ಬೆರಳು ನನ್ನ ಹೆಸರಿನ ಮೇಲೆ ಬಂದು ನಿಂತಿತು.
"ಇದನ್ನ ಮೊದಲು ಓದಣ್ಣ ಸಭೇಲಿ.
ಅವರದು ಆಮ್ಯಾಲೆ."

ನಾಳೆ ಹನ್ನೊಂದಕ್ಕೆ ಸಾಮಾನ್ಯ ಸಭೆ.
ಎಷ್ಟು ಪ್ರತಿ, ಕೇಳಿದ ನಸೀಮಾಳ ತಮ್ಮ.
ಮೂವತ್ತೊಂದು, ಅಂದ ಬೋರಲಿಂಗ, ನಾವೂ ಸೇರಿ.
ಯಂತ್ರದ ಹಸಿರು ಬೆಳಕು ಒಂದೊಂದು ಸಲವೂ
ನನ್ನ ಸಹಿಯ ಕೆಳಗೆ ಹಾದು ಹೋಗುತ್ತಿದೆ.
ಹೊರಬಂದ ಹಾಳೆಗಳನ್ನು ನಾನೇ ಜೋಡಿಸುತ್ತಿದ್ದೇನೆ,
ಬಿಸಿಯಿದೆ ಕಾಗದ, ಹಿಡಿಯುವಷ್ಟು.